ಸೌತ್ ಫೋರ್ಕ್ ಅಣೆಕಟ್ಟು: ಕಾಲುವೆಗಾಗಿ ಕಟ್ಟಿ ಕೈಬಿಟ್ಟ ಜಲಾಶಯದ ಪಾರಂಪರಿಕ ಅವಶೇಷ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಜಾನ್ಸ್‌ಟೌನ್ ನಗರದಿಂದ ನದಿಯ ಹಾದಿಯಲ್ಲಿ ಸುಮಾರು 14 ಮೈಲಿ ಮೇಲ್ಭಾಗದಲ್ಲಿ, ಕಣಿವೆಯೊಂದರ ಎರಡು ಪಾರ್ಶ್ವಗಳಿಗೆ ಅಂಟಿಕೊಂಡಂತೆ ಹುಲ್ಲು ಬೆಳೆದ ಎರಡು ಎತ್ತರದ ಮಣ್ಣಿನ ದಿಬ್ಬಗಳಿವೆ. ಇವುಗಳ ನಡುವೆ ವಿಶಾಲವಾದ ತೆರಪಿದ್ದು, ಅದರ ತಳದಲ್ಲಿ ಒಂದು ಸಣ್ಣ ಹೊಳೆಯೂ ಒಂದು ರೈಲು ಮಾರ್ಗವೂ ಹಾದುಹೋಗುತ್ತವೆ. ಈ ದಿಬ್ಬಗಳೇ ಸೌತ್ ಫೋರ್ಕ್ ಅಣೆಕಟ್ಟಿನ ಉಳಿದ ಭಾಗಗಳು. ದೋಣಿ ಕಾಲುವೆಗೆ ನೀರು ಒದಗಿಸಲು ಸರ್ಕಾರದಿಂದ ನಿರ್ಮಿಸಲ್ಪಟ್ಟು, ಉದ್ದೇಶ ತೀರಿದ ತರುವಾಯ ಮಾರಾಟವಾಗಿ, ಖಾಸಗಿ ವಿಹಾರ ಸಂಘವೊಂದರ ಮೀನಿನ ಕೆರೆಯಾಗಿ ಮಾರ್ಪಟ್ಟ ಈ ಅಣೆಕಟ್ಟು 1889ರ ಮೇ 31ರಂದು ಒಡೆದು, 2,200ಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾಯಿತು. ಪ್ರಸ್ತುತ ಇದು ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯ ಅಧೀನದಲ್ಲಿ ರಾಷ್ಟ್ರೀಯ ಸ್ಮಾರಕವಾಗಿ ಸಂರಕ್ಷಿಸಲ್ಪಟ್ಟಿದೆ.

ಹೊರದೇಶದ ಅಣೆಕಟ್ಟಾದರೂ ಇದರ ರಚನೆಯು ಕನ್ನಡ ಓದುಗರಿಗೆ ಅಪರಿಚಿತವಲ್ಲ. ಇದು ಕಲ್ಲಿನ ಕಟ್ಟಡವಾಗಿರದೆ ನಮ್ಮ ಕೆರೆಗಳಂತೆಯೇ ಮಣ್ಣಿನ ಏರಿಯಾಗಿತ್ತು. ನೀರನ್ನು ಬೇಕಾದಂತೆ ಬಿಡಲು ತೂಬು ಹಾಗೂ ಹೆಚ್ಚಾದ ನೀರು ತಾನಾಗಿ ಹೊರಹೋಗಲು ಕೋಡಿ ಇದ್ದವು. ಏರಿ, ತೂಬು, ಕೋಡಿ ಈ ಮೂರು ಪದಗಳಿಂದಲೇ ಈ ಅಣೆಕಟ್ಟಿನ ಸಂಪೂರ್ಣ ಚರಿತ್ರೆಯನ್ನು ವಿವರಿಸಬಹುದಾಗಿದೆ.

ನಿರ್ಮಾಣದ ಹಿನ್ನೆಲೆ

ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆಯು 1825ರಲ್ಲಿ ಪೂರ್ಣಗೊಂಡ ನಂತರ ಪಶ್ಚಿಮ ಪ್ರಾಂತ್ಯಗಳ ಸರಕು ಸಾಗಣೆ ಆ ಕಡೆಗೆ ತಿರುಗತೊಡಗಿತು. ಇದರಿಂದ ಆತಂಕಗೊಂಡ ಪೆನ್ಸಿಲ್ವೇನಿಯಾ ಸರ್ಕಾರವು 1826ರಲ್ಲಿ ಫಿಲಡೆಲ್ಫಿಯಾದಿಂದ ಪಿಟ್ಸ್‌ಬರ್ಗ್‌ವರೆಗೆ ತನ್ನದೇ ಆದ ಸಾಗಣೆ ಮಾರ್ಗವೊಂದನ್ನು ಕೈಗೆತ್ತಿಕೊಂಡಿತು. 'ಮೇನ್ ಲೈನ್' ಎಂದು ಹೆಸರಾದ ಈ ಮಾರ್ಗ 1834ರಲ್ಲಿ ಆದ್ಯಂತವಾಗಿ ತೆರೆಯಲ್ಪಟ್ಟಿತು. ಮಧ್ಯದಲ್ಲಿ ಅಲೆಘೇನಿ ಪರ್ವತವು ಅಡ್ಡವಾಗಿದ್ದ ಕಾರಣ ಇಡೀ ಮಾರ್ಗವನ್ನು ಕಾಲುವೆಯಾಗಿ ತೋಡುವುದು ಸಾಧ್ಯವಿರಲಿಲ್ಲ. ಆದುದರಿಂದ ಹಾಲಿಡೇಸ್‌ಬರ್ಗ್ ಮತ್ತು ಜಾನ್ಸ್‌ಟೌನ್ ನಡುವಣ 36 ಮೈಲಿ ದೂರಕ್ಕೆ 'ಪೋರ್ಟೇಜ್ ರೈಲ್ವೆ' ನಿರ್ಮಿಸಿ, ಬೆಟ್ಟದ ಎರಡೂ ಕಡೆ ಐದೈದರಂತೆ 10 ಇಳಿಜಾರು ಹಳಿಗಳ ಮೇಲೆ ಬಂಡಿಗಳನ್ನು ಉಗಿಯಂತ್ರ ಮತ್ತು ಹಗ್ಗಗಳಿಂದ ಎಳೆಯಲಾಗುತ್ತಿತ್ತು. ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1842ರಲ್ಲಿ ಈ ಮಾರ್ಗವಾಗಿ ಪ್ರಯಾಣಿಸಿದ್ದರು.

ಜಾನ್ಸ್‌ಟೌನ್‌ನಿಂದ ಪಿಟ್ಸ್‌ಬರ್ಗ್‌ವರೆಗಿನ ಪಶ್ಚಿಮ ವಿಭಾಗವು ಪುನಃ ಕಾಲುವೆಯಾಗಿತ್ತು. ದೋಣಿಯೊಂದು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುವಾಗ ಪ್ರತಿ ಲಾಕ್‌ನಲ್ಲಿಯೂ ಒಂದು ತೊಟ್ಟಿಯಷ್ಟು ನೀರು ಕೆಳಗೆ ಹೋಗುತ್ತದೆ. ಹೀಗೆ ಹೋದ ನೀರನ್ನು ಮೇಲ್ಭಾಗದಿಂದ ಸತತವಾಗಿ ತುಂಬಿಕೊಡದಿದ್ದರೆ ದೋಣಿಗಳು ನಿಂತಲ್ಲೇ ನಿಲ್ಲುತ್ತವೆ. ಬೇಸಿಗೆಯಲ್ಲಿ ಜಾನ್ಸ್‌ಟೌನ್ ಬಳಿಯ ನದಿಗಳು ಸೊರಗುತ್ತಿದ್ದುದರಿಂದ ಪ್ರತಿ ವರ್ಷವೂ ಈ ತೊಂದರೆ ತಲೆದೋರುತ್ತಿತ್ತು. ಇದರ ಪರಿಹಾರಕ್ಕಾಗಿ ಲಿಟಲ್ ಕಾನೆಮಾ ನದಿಯ ಸೌತ್ ಫೋರ್ಕ್ ಎಂಬ ಉಪಹೊಳೆಗೆ 'ಪಶ್ಚಿಮ ಜಲಾಶಯ'ವನ್ನು ನಿರ್ಮಿಸಲು ತೀರ್ಮಾನಿಸಲಾಯಿತು. ರಾಜ್ಯದ ಎಂಜಿನಿಯರ್ ವಿಲಿಯಂ ಮಾರಿಸ್ ಇದರ ವಿನ್ಯಾಸವನ್ನು ಸಿದ್ಧಪಡಿಸಿದರು.

ಕಾಮಗಾರಿಯು 1838ರಲ್ಲಿ ಆರಂಭವಾಯಿತು. ಹಣಕಾಸಿನ ಮುಗ್ಗಟ್ಟಿನಿಂದಾಗಿ 1840ರ ದಶಕದ ಆರಂಭದಲ್ಲಿ ಸ್ಥಗಿತಗೊಂಡು, 1851ರಲ್ಲಿ ಪುನರಾರಂಭಗೊಂಡು, 1853ರಲ್ಲಿ ಮುಕ್ತಾಯಗೊಂಡಿತು. ಏರಿಯ ಎತ್ತರ 72 ಅಡಿ, ಅಂದರೆ ಸುಮಾರು 22 ಮೀಟರ್. ಉದ್ದ 931 ಅಡಿ. ಹದಗೊಳಿಸಿದ ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ, ಇಳಿಜಾರುಗಳಿಗೆ ಕಲ್ಲು ಹೊದಿಸಲಾಗಿತ್ತು. ಒಂದು ಬದಿಯ ಬೆಟ್ಟದ ಬಂಡೆಯನ್ನು ಕೊರೆದು ಸುಮಾರು 72 ಅಡಿ ಅಗಲದ ಕೋಡಿಯನ್ನು ಮಾಡಲಾಗಿತ್ತು. ಏರಿಯ ಬುಡದಲ್ಲಿ ಕಲ್ಲಿನ ಕಮಾನು ಕಾಲುವೆಯೊಂದಿದ್ದು, ಅದರಲ್ಲಿ ತಲಾ 2 ಅಡಿ ವ್ಯಾಸದ 5 ಎರಕದ ಕಬ್ಬಿಣದ ಕೊಳವೆಗಳನ್ನು ಅಳವಡಿಸಲಾಗಿತ್ತು. ಇವೇ ಜಲಾಶಯದ ತೂಬುಗಳು. ಇವುಗಳನ್ನು ಮರದ ಗೋಪುರವೊಂದರಿಂದ ತೆರೆದು ಮುಚ್ಚುವ ವ್ಯವಸ್ಥೆ ಇತ್ತು. ಆ ಕಾಲದ ಮಾನದಂಡಗಳ ಪ್ರಕಾರ ಇದು ಉತ್ತಮ ಕಾಮಗಾರಿಯಾಗಿತ್ತೆಂದೇ ಹೇಳಬೇಕು.

ಉದ್ದೇಶ ತೀರಿದ ಜಲಾಶಯ

ದುರದೃಷ್ಟವಶಾತ್, ಜಲಾಶಯ ಸಿದ್ಧವಾಗುವ ವೇಳೆಗೆ ಅದರ ಅಗತ್ಯವೇ ಮುಗಿದಿತ್ತು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯು ಪರ್ವತವನ್ನು ದಾಟುವ ತನ್ನ ಸ್ವಂತ ಮಾರ್ಗವನ್ನು 1854ರ ಫೆಬ್ರವರಿಯಲ್ಲಿ ತೆರೆಯಿತು. ದೋಣಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣವು ರೈಲಿನಲ್ಲಿ ಗಂಟೆಗಳ ಲೆಕ್ಕಕ್ಕೆ ಇಳಿಯಿತು. 1857ರಲ್ಲಿ ಸರ್ಕಾರವು ಇಡೀ ಮೇನ್ ಲೈನ್ ಅನ್ನು ಅದೇ ರೈಲು ಕಂಪನಿಗೆ 75 ಲಕ್ಷ ಡಾಲರ್‌ಗಳಿಗೆ ಮಾರಾಟ ಮಾಡಿತು. ಸದರಿ ಮಾರಾಟದಲ್ಲಿ ಜಲಾಶಯವೂ ಸೇರಿತ್ತು. ರೈಲು ಕಂಪನಿಗೆ ಬೇಕಾಗಿದ್ದುದು ಮಾರ್ಗದ ಹಕ್ಕೇ ಹೊರತು ಕೆರೆಯಲ್ಲ. ಆದ್ದರಿಂದ ಅಣೆಕಟ್ಟಿನ ಉಸ್ತುವಾರಿಯನ್ನು ಯಾರೂ ನೋಡಲಿಲ್ಲ.

1862ರಲ್ಲಿ ಏರಿಯ ಬುಡದ ಕಲ್ಲಿನ ಕಮಾನು ಕಾಲುವೆ ಕುಸಿದು ಏರಿಯ ಒಂದು ಭಾಗ ಕೊಚ್ಚಿಹೋಯಿತು. ಆಗ ನೀರಿನ ಮಟ್ಟ ಕಡಿಮೆ ಇದ್ದುದರಿಂದ ಹೆಚ್ಚಿನ ಹಾನಿ ಸಂಭವಿಸಲಿಲ್ಲ. ಮುಂದೆ ಹಲವು ವರ್ಷಗಳ ಕಾಲ ಒಡೆದ ಏರಿ ಹಾಗೆಯೇ ಇತ್ತು. 1875ರಲ್ಲಿ ಜಾನ್ ರೈಲಿ ಎಂಬುವರು ಈ ಆಸ್ತಿಯನ್ನು 2,500 ಡಾಲರ್‌ಗಳಿಗೆ ಖರೀದಿಸಿದರು. ಅವರ ಅವಧಿಯಲ್ಲಿ ಕಬ್ಬಿಣದ 5 ಕೊಳವೆಗಳನ್ನು ತೆಗೆದು ಗುಜರಿಗೆ ಮಾರಲಾಯಿತು. ನಂತರ 1879ರಲ್ಲಿ ಅವರು ಆಸ್ತಿಯನ್ನು 500 ಡಾಲರ್ ನಷ್ಟದಲ್ಲಿ, ಅಂದರೆ 2,000 ಡಾಲರ್‌ಗಳಿಗೆ, ಬೆಂಜಮಿನ್ ರಫ್ ಎಂಬುವರಿಗೆ ಮಾರಿದರು.

ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಇವೆಲ್ಲವೂ ಸಾಮಾನ್ಯ ವ್ಯವಹಾರಗಳೇ. ಉಪಯೋಗವಿಲ್ಲದ ಆಸ್ತಿಯ ಮೌಲ್ಯ ಕುಗ್ಗುತ್ತದೆ, ಬಿಡಿಭಾಗಗಳು ಗುಜರಿಗೆ ಹೋಗುತ್ತವೆ, ಉಳಿದುದನ್ನು ಸಿಕ್ಕ ಬೆಲೆಗೆ ಕೊಡಲಾಗುತ್ತದೆ. ಆದರೆ ಅಣೆಕಟ್ಟು ಎಂಬ ಆಸ್ತಿಯ ಜೊತೆಗೆ, ಅದರ ಕೆಳಗೆ ವಾಸಿಸುವ ಜನರ ಸುರಕ್ಷತೆ ಎಂಬ ಹೊಣೆಯೂ ವರ್ಗಾವಣೆಯಾಗುತ್ತದೆ. ಈ ಹೊಣೆಗೆ ಅಂದಿನ ಯಾವ ಕ್ರಯಪತ್ರದಲ್ಲಿಯೂ ಬೆಲೆ ಕಟ್ಟಿರಲಿಲ್ಲ. ತೂಬುಗಳನ್ನು ಕಳೆದುಕೊಂಡ ಏರಿಯಲ್ಲಿ ಮತ್ತೊಮ್ಮೆ ನೀರು ನಿಲ್ಲಿಸಿದರೆ, ದುರಸ್ತಿಗಾಗಲೀ ಆಪತ್ತಿನಲ್ಲಾಗಲೀ ಆ ನೀರನ್ನು ಇಳಿಸಲು ದಾರಿಯೇ ಇರುವುದಿಲ್ಲ.

ವಿಹಾರ ಸಂಘದ ಅವಧಿ

1879ರ ನವೆಂಬರ್‌ನಲ್ಲಿ ರಫ್ ಅವರ ಮುಂದಾಳತ್ವದಲ್ಲಿ 'ಸೌತ್ ಫೋರ್ಕ್ ಫಿಶಿಂಗ್ ಅಂಡ್ ಹಂಟಿಂಗ್ ಕ್ಲಬ್' ನೋಂದಣಿಯಾಯಿತು. ಪಿಟ್ಸ್‌ಬರ್ಗ್‌ನ ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಆಂಡ್ರ್ಯೂ ಮೆಲನ್ ಮುಂತಾದ ಉಕ್ಕು ಹಾಗೂ ಬ್ಯಾಂಕಿಂಗ್ ಕ್ಷೇತ್ರದ ಧನಿಕರು ಇದರ ಸದಸ್ಯರಾಗಿದ್ದರು. ಏರಿಯ ಒಡಕನ್ನು ಮುಚ್ಚಿ ನೀರು ನಿಲ್ಲಿಸಲಾಯಿತು. ದಡದಲ್ಲಿ 47 ಕೊಠಡಿಗಳ ಕ್ಲಬ್ ಭವನ ಹಾಗೂ ಬೇಸಿಗೆ ಮನೆಗಳು ತಲೆಯೆತ್ತಿದವು.

ರಫ್ ಅವರು ರೈಲು ಮಾರ್ಗದ ಗುತ್ತಿಗೆ ಕೆಲಸದಲ್ಲಿ ಅನುಭವಿಗಳಾಗಿದ್ದರೇ ವಿನಾ ಎಂಜಿನಿಯರ್ ಆಗಿರಲಿಲ್ಲ. ದುರಸ್ತಿಯಲ್ಲಿ ಮಣ್ಣು ಮತ್ತು ಕಲ್ಲಿನ ಜೊತೆಗೆ ಮರದ ಕೊಂಬೆ, ಹುಲ್ಲು ಮೊದಲಾದವುಗಳನ್ನೂ ತುಂಬಲಾಯಿತು. ಕೊಳವೆಗಳನ್ನು ಪುನಃ ಅಳವಡಿಸಲಿಲ್ಲ. ಏರಿಯ ಮೇಲೆ ಎರಡು ಸಾರೋಟುಗಳು ಎದುರುಬದುರಾಗಿ ಹಾದುಹೋಗುವಷ್ಟು ಅಗಲ ಸಿಗಲೆಂದು ಅದರ ನೆತ್ತಿಯನ್ನು ತಗ್ಗಿಸಲಾಯಿತು. ಕಾಲಕ್ರಮೇಣ ದುರಸ್ತಿಯಾದ ಮಧ್ಯಭಾಗವು ಸ್ವಲ್ಪ ಕುಸಿದು ಬಾಗಿತು. ಕೋಡಿಯ ಮೂಲಕ ಮೀನುಗಳು ಹೊರಹೋಗದಂತೆ ಅಲ್ಲಿ ಕಬ್ಬಿಣದ ಜಾಲರಿಗಳನ್ನು ಹಾಕಲಾಯಿತು. ನಮ್ಮ ಕೆರೆಗಳ ಕೋಡಿಗೂ ಮೀನಿಗಾಗಿ ಬಲೆ ಕಟ್ಟುವುದುಂಟು. ಮಳೆಗಾಲದಲ್ಲಿ ಅಂತಹ ಬಲೆಗೆ ಕಸಕಡ್ಡಿ ಸಿಕ್ಕಿಕೊಂಡರೆ ಏನಾಗುವುದೆಂಬುದನ್ನು ನೀರಗಂಟಿಗಳಿಗೆ ಹೇಳಿಕೊಡಬೇಕಾಗಿಲ್ಲ.

ಇದರ ಅಪಾಯವನ್ನು ಯಾರೂ ಗಮನಿಸಲಿಲ್ಲವೆಂದು ಭಾವಿಸಬಾರದು. ಜಾನ್ಸ್‌ಟೌನ್‌ನ ಕೇಂಬ್ರಿಯಾ ಐರನ್ ಕಂಪನಿಯ ಮುಖ್ಯಸ್ಥರಾದ ಡೇನಿಯಲ್ ಮಾರೆಲ್ ಅವರು 1880ರ ನವೆಂಬರ್‌ನಲ್ಲಿ ತಮ್ಮ ಕಂಪನಿಯ ಜಾನ್ ಫುಲ್ಟನ್ ಅವರನ್ನು ಪರಿಶೀಲನೆಗೆ ಕಳುಹಿಸಿದರು. ನೀರಿಳಿಸಲು ಕೊಳವೆಗಳಿಲ್ಲದಿರುವುದು ಹಾಗೂ ದುರಸ್ತಿಯು ಭದ್ರವಾಗಿಲ್ಲದೆ ಸೋರಿಕೆ ಇರುವುದು, ಈ ಎರಡು ದೋಷಗಳನ್ನು ಫುಲ್ಟನ್ ತಮ್ಮ ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸಿದರು. ರಫ್ ಅವರು ವರದಿಯನ್ನು ತಳ್ಳಿಹಾಕಿ, ಕೆಳಗಿನ ಜನರಿಗೆ ತಮ್ಮ ಸಂಸ್ಥೆಯಿಂದ ಅಪಾಯವಿಲ್ಲವೆಂದು ಉತ್ತರಿಸಿದರು. ಮಾರೆಲ್ ಅವರು ಪುನಃ ಪತ್ರ ಬರೆದು, ಸರಿಯಾದ ದುರಸ್ತಿಯ ವೆಚ್ಚದಲ್ಲಿ ತಮ್ಮ ಕಂಪನಿಯೂ ಪಾಲುಗೊಳ್ಳಲು ಸಿದ್ಧವೆಂದು ತಿಳಿಸಿದರು. ಅದೂ ಫಲಿಸಲಿಲ್ಲ. ಮಾರೆಲ್ 1885ರಲ್ಲಿಯೂ, ರಫ್ 1887ರಲ್ಲಿಯೂ ನಿಧನರಾದರು. ಕಡತವು ಅಲ್ಲಿಗೆ ಮುಕ್ತಾಯವಾಯಿತು. ಪ್ರತಿ ವರ್ಷದ ಮಳೆಗಾಲದಲ್ಲಿ ಏರಿ ಒಡೆಯುವುದೆಂಬ ಸುದ್ದಿ ಹಬ್ಬುತ್ತಿತ್ತು, ಒಡೆಯದೆ ಉಳಿಯುತ್ತಿತ್ತು. ಕ್ರಮೇಣ ಜಾನ್ಸ್‌ಟೌನ್‌ನಲ್ಲಿ ಅದೊಂದು ಹಾಸ್ಯದ ವಿಷಯವಾಯಿತು.

1889ರ ಮೇ 31

ಮೇ 30ರ ರಾತ್ರಿ ಆ ಪ್ರದೇಶದಲ್ಲಿ ಅಸಾಧಾರಣ ಮಳೆ ಸುರಿಯಿತು. ಮರುದಿನ ಬೆಳಿಗ್ಗೆ ಕೆರೆಯ ನೀರು ಏರಿಯ ನೆತ್ತಿಯತ್ತ ವೇಗವಾಗಿ ಏರುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ಎಲಿಯಾಸ್ ಅಂಗರ್ ಹಾಗೂ ಅಲ್ಲಿದ್ದ ಯುವ ಎಂಜಿನಿಯರ್ ಜಾನ್ ಪಾರ್ಕ್ ಅವರು ಕೂಲಿಕಾರರನ್ನು ಕೂಡಿಸಿ, ಏರಿಯ ಮೇಲೆ ಮಣ್ಣು ಹಾಕಿ ಎತ್ತರಿಸಲು, ಇನ್ನೊಂದು ಬದಿಯಲ್ಲಿ ಹೊಸ ಕೋಡಿ ತೋಡಲು ಹಾಗೂ ಜಾಲರಿಗೆ ಸಿಕ್ಕಿಕೊಂಡ ಕಸವನ್ನು ತೆಗೆಯಲು ಪ್ರಯತ್ನಿಸಿದರು. ಮಣ್ಣು ಗಟ್ಟಿಯಾಗಿದ್ದುದರಿಂದ ಹೊಸ ಕೋಡಿಯನ್ನು ಸಾಕಷ್ಟು ಆಳಕ್ಕೆ ತೋಡಲಾಗಲಿಲ್ಲ. ಪಾರ್ಕ್ ಅವರು ಕುದುರೆಯೇರಿ ಸೌತ್ ಫೋರ್ಕ್ ಗ್ರಾಮಕ್ಕೆ ಧಾವಿಸಿ ತಂತಿ ಮೂಲಕ ಎಚ್ಚರಿಕೆ ಕಳುಹಿಸಲು ತಿಳಿಸಿದರು. ಹಿಂದಿನ ವರ್ಷಗಳ ಸುಳ್ಳು ಸುದ್ದಿಗಳ ಕಾರಣದಿಂದ ಈ ಸಂದೇಶಗಳಿಗೆ ಕೆಳಗಿನ ಊರುಗಳಲ್ಲಿ ಮಹತ್ವ ದೊರೆಯಲಿಲ್ಲ. ಅಲ್ಲದೆ, ಜಾನ್ಸ್‌ಟೌನ್‌ನ ಬೀದಿಗಳಲ್ಲಿ ಆಗಲೇ ನದಿಯ ನೀರು ನಿಂತಿದ್ದು, ಜನರು ಮನೆಗಳ ಮೇಲಂತಸ್ತುಗಳಲ್ಲಿದ್ದರು.

ಮಧ್ಯಾಹ್ನದ ಹೊತ್ತಿಗೆ ನೀರು ಏರಿಯನ್ನು ದಾಟಿ ಹರಿಯತೊಡಗಿತ್ತು. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಹಿಂಬದಿಯ ಇಳಿಜಾರು ಕೊರೆದುಹೋಗುತ್ತದೆ. ನಂತರ ಏರಿ ನಿಲ್ಲುವುದಿಲ್ಲ. ಸುಮಾರು 3 ಗಂಟೆಗೆ ಮಧ್ಯಭಾಗವು ಒಮ್ಮೆಗೇ ಜಾರಿಹೋಯಿತು. ಕೆರೆಯಲ್ಲಿದ್ದ ನೀರಿನ ಪ್ರಮಾಣ 1 ಕೋಟಿ 45 ಲಕ್ಷ ಘನ ಮೀಟರ್, ಅಂದರೆ ಸುಮಾರು ಅರ್ಧ ಟಿಎಂಸಿ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಇದು ನಮ್ಮ ಕೃಷ್ಣರಾಜಸಾಗರದ ಸಾಮರ್ಥ್ಯದ ನೂರರಲ್ಲಿ ಒಂದು ಪಾಲು ಮಾತ್ರ. ಆದರೆ ಆ ನೀರು ಒಂದು ಗಂಟೆಗೆ ತುಸು ಹೆಚ್ಚಿನ ಅವಧಿಯಲ್ಲಿ ಖಾಲಿಯಾಯಿತು. ಒಡಕಿನಲ್ಲಿ ಹರಿದ ಗರಿಷ್ಠ ಪ್ರವಾಹ ಸೆಕೆಂಡಿಗೆ 7,000 ಘನ ಮೀಟರ್‌ಗೂ ಅಧಿಕ, ಅಂದರೆ ಸುಮಾರು 2.5 ಲಕ್ಷ ಕ್ಯೂಸೆಕ್. ಜಾನ್ಸ್‌ಟೌನ್ ಈ ಕೆರೆಗಿಂತ ಸುಮಾರು 450 ಅಡಿ ತಗ್ಗಿನಲ್ಲಿತ್ತು.

ಇಕ್ಕಟ್ಟಾದ ಕಣಿವೆಯಲ್ಲಿ ಪ್ರವಾಹವು ಮಿನರಲ್ ಪಾಯಿಂಟ್, ಈಸ್ಟ್ ಕಾನೆಮಾ, ವುಡ್‌ವೇಲ್ ಮೊದಲಾದ ಊರುಗಳನ್ನು ಕೊಚ್ಚಿಕೊಂಡು ಮುಂದುವರಿಯಿತು. ಈಸ್ಟ್ ಕಾನೆಮಾ ಬಳಿ ಜಾನ್ ಹೆಸ್ ಎಂಬ ರೈಲು ಚಾಲಕರು ತಮ್ಮ ಎಂಜಿನ್ನಿನ ಸೀಟಿಯನ್ನು ಬಿಡದೆ ಕೂಗಿಸುತ್ತಾ ಹಿಮ್ಮುಖವಾಗಿ ಓಡಿಸಿದ್ದರಿಂದ ಅನೇಕರು ಗುಡ್ಡಗಳತ್ತ ಓಡಿ ಬದುಕಿಕೊಂಡರು. ಜನರಿಗೆ ದೊರೆತ ನಿಜವಾದ ಎಚ್ಚರಿಕೆ ಅದೊಂದೇ ಎನ್ನಬಹುದು. 4 ಗಂಟೆ 7 ನಿಮಿಷಕ್ಕೆ ನೀರು ಜಾನ್ಸ್‌ಟೌನ್ ತಲುಪಿತು. ಆ ವೇಳೆಗೆ ಅದು ನೀರಾಗಿ ಉಳಿದಿರದೆ ಮನೆಗಳು, ಮರಗಳು, ರೈಲು ಬಂಡಿಗಳು ಹಾಗೂ ತಂತಿ ಕಾರ್ಖಾನೆಯ ಮುಳ್ಳುತಂತಿಯ ಸುರುಳಿಗಳ ಚಲಿಸುವ ರಾಶಿಯಾಗಿತ್ತು. ಊರಿನ ಕೆಳಭಾಗದ ಕಲ್ಲಿನ ರೈಲು ಸೇತುವೆಯು ಬಿದ್ದುಹೋಗದೆ ನಿಂತದ್ದರಿಂದ ಈ ರಾಶಿಯೆಲ್ಲ ಅಲ್ಲಿ ಸುಮಾರು 30 ಎಕರೆಯಷ್ಟು ಹರಡಿ ಸಿಕ್ಕಿಕೊಂಡಿತು. ಸಂಜೆ ಅದಕ್ಕೆ ಬೆಂಕಿ ಹತ್ತಿತು. ಪ್ರವಾಹದಲ್ಲಿ ಬದುಕಿ ಬಂದ ಹಲವರು ಬೆಂಕಿಗೆ ಬಲಿಯಾದರು.

ಮೃತರ ಸಂಖ್ಯೆಯನ್ನು 2,209 ಎಂದು ಅಧಿಕೃತವಾಗಿ ದಾಖಲಿಸಲಾಯಿತು. ಸತ್ತರೆಂದು ಎಣಿಸಲಾಗಿದ್ದ ಒಬ್ಬ ವ್ಯಕ್ತಿ 1900ರಲ್ಲಿ ಜೀವಂತವಾಗಿ ಊರಿಗೆ ಮರಳಿದ್ದರಿಂದ ಈಗ 2,208 ಎಂದೂ ನಮೂದಿಸುವುದುಂಟು. 99 ಕುಟುಂಬಗಳು ಒಬ್ಬರೂ ಉಳಿಯದಂತೆ ನಾಶವಾದವು. ಗ್ರ್ಯಾಂಡ್‌ವ್ಯೂ ಸ್ಮಶಾನದಲ್ಲಿ ಗುರುತು ಸಿಗದವರಿಗಾಗಿ 777 ಬಿಳಿಯ ಅಮೃತಶಿಲೆಯ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಲಾಗಿದ್ದು, ಅವುಗಳ ಮೇಲೆ ಯಾವ ಹೆಸರೂ ಇಲ್ಲ. ಅಮೆರಿಕನ್ ರೆಡ್ ಕ್ರಾಸ್‌ನ ಸ್ಥಾಪಕಿ ಕ್ಲಾರಾ ಬಾರ್ಟನ್ ಅವರು ಜೂನ್ 5ರಂದು ತಮ್ಮ ತಂಡದೊಂದಿಗೆ ಆಗಮಿಸಿ, ಸುಮಾರು ಐದು ತಿಂಗಳು ಅಲ್ಲಿಯೇ ಇದ್ದು ಪರಿಹಾರ ಕಾರ್ಯ ನಡೆಸಿದರು.

ತನಿಖೆ ಮತ್ತು ಹೊಣೆಗಾರಿಕೆ

ಕ್ಲಬ್ಬಿನ ವಿರುದ್ಧ ಹೂಡಿದ ಯಾವ ದಾವೆಯಲ್ಲಿಯೂ ಸಂತ್ರಸ್ತರಿಗೆ ಪರಿಹಾರ ದೊರೆಯಲಿಲ್ಲ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಸ್ಥೆಯು ನೇಮಿಸಿದ ಸಮಿತಿಯ ವರದಿ 1890ರ ಆರಂಭದಲ್ಲಿಯೇ ಸಿದ್ಧವಾಗಿದ್ದರೂ 1891ರವರೆಗೆ ಬಹಿರಂಗಗೊಳ್ಳಲಿಲ್ಲ. ಮೂಲ ವಿನ್ಯಾಸದಂತೆಯೇ ಇದ್ದರೂ ಅಂದಿನ ಮಳೆಗೆ ಏರಿ ಉಳಿಯುತ್ತಿರಲಿಲ್ಲವೆಂಬುದು ಸಮಿತಿಯ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯ ಒಂದು ಶತಮಾನಕ್ಕೂ ಹೆಚ್ಚು ಕಾಲ ಪ್ರಚಲಿತದಲ್ಲಿತ್ತು. ಮೇಲ್ಕಂಡ 2016ರ ಅಧ್ಯಯನವು ಸ್ಥಳವನ್ನು ಪುನಃ ಅಳತೆ ಮಾಡಿ ಇದಕ್ಕೆ ವ್ಯತಿರಿಕ್ತವಾದ ತೀರ್ಮಾನಕ್ಕೆ ಬಂದಿದೆ. ನೆತ್ತಿಯನ್ನು ಸುಮಾರು 3 ಅಡಿ ತಗ್ಗಿಸಿದ್ದರಿಂದ ಕೋಡಿಯ ಸಾಮರ್ಥ್ಯ ಬಹುವಾಗಿ ಕುಗ್ಗಿತು. ಮೂಲದಲ್ಲಿದ್ದ ಎರಡನೆಯ ತುರ್ತು ಕೋಡಿಯೂ ನಿರುಪಯುಕ್ತವಾಯಿತು. ಮೊದಲಿನಂತೆ ಕೊಳವೆಗಳ ಸಹಿತ ದುರಸ್ತಿ ಮಾಡಿದ್ದರೆ ಏರಿ ಅಂದು ಉಳಿಯುತ್ತಿತ್ತು ಎಂಬುದು ಅದರ ಸಾರಾಂಶ. ಸಾರೋಟುಗಳಿಗಾಗಿ ಮಾಡಿದ ಒಂದು ಸಣ್ಣ ಅನುಕೂಲದ ಬೆಲೆ ಇದೆಂದು ತಿಳಿಯಬೇಕಾಗುತ್ತದೆ.

ಅಪಾಯಕಾರಿ ವಸ್ತುವನ್ನು ಇರಿಸಿಕೊಂಡವನು ಅದರಿಂದಾಗುವ ಹಾನಿಗೆ ತಪ್ಪಿಲ್ಲದಿದ್ದರೂ ಹೊಣೆಯೆಂಬ ತತ್ವವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ, ಗಿರಣಿಯೊಂದರ ಜಲಾಶಯದ ಪ್ರಕರಣದಲ್ಲಿಯೇ (ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್) ಎತ್ತಿಹಿಡಿದಿತ್ತು. ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ ಈ ತತ್ವವನ್ನು 1886ರಲ್ಲಿ ನಿರಾಕರಿಸಿತ್ತು. ಜಾನ್ಸ್‌ಟೌನ್ ದುರಂತದ ನಂತರದ ದಶಕಗಳಲ್ಲಿ ಅಮೆರಿಕದ ಹಲವು ರಾಜ್ಯಗಳು ಇದನ್ನು ಅಂಗೀಕರಿಸಿದವು. ಭಾರತದ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಅನಿಲ ಸೋರಿಕೆ ಪ್ರಕರಣದಲ್ಲಿ ಇದಕ್ಕಿಂತಲೂ ಕಠಿಣವಾದ ಪೂರ್ಣ ಹೊಣೆಯ ತತ್ವವನ್ನು ರೂಪಿಸಿದುದು ಇಲ್ಲಿ ಸ್ಮರಣೀಯ.

1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಅಣೆಕಟ್ಟಿನ ಮಣ್ಣಿನ ಭಾಗಗಳ ಮೇಲೆ ಇದೇ ರೀತಿ ನೀರು ಹರಿದು ಮೋರ್ಬಿ ಪಟ್ಟಣ ಮುಳುಗಿತು. 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿರುವ ಅಣೆಕಟ್ಟು ಸುರಕ್ಷತಾ ಅಧಿನಿಯಮದ ಪ್ರಕಾರ ನಮ್ಮ ದೇಶದಲ್ಲಿ 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೆ ಮಳೆಗಾಲದ ಮುಂಚೆ ಹಾಗೂ ನಂತರ ಪರಿಶೀಲನೆ ಕಡ್ಡಾಯವಾಗಿದ್ದು, ಮಾಲೀಕರು ತುರ್ತು ಕಾರ್ಯಯೋಜನೆ ಹೊಂದಿರಬೇಕಾಗುತ್ತದೆ. ಸೌತ್ ಫೋರ್ಕ್ ಏರಿ 22 ಮೀಟರ್ ಎತ್ತರವಿತ್ತು.

ಸ್ಮಾರಕ ಮತ್ತು ಸಂದರ್ಶನ

ಒಡೆದ ಏರಿಯನ್ನು ಪುನಃ ಕಟ್ಟಲಿಲ್ಲ. ಬರಿದಾದ ಕೆರೆಯಂಗಳದಲ್ಲಿ 20ನೆಯ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ಗಣಿಗಾರಿಕೆ ಆರಂಭವಾಗಿ ಸೇಂಟ್ ಮೈಕೇಲ್ ಎಂಬ ಗಣಿ ಊರು ಬೆಳೆಯಿತು. 1964ರ ಆಗಸ್ಟ್ 31ರಂದು ಅಮೆರಿಕದ ಸಂಸತ್ತಿನ ಒಂದೇ ಕಾಯಿದೆಯ ಮೂಲಕ ಅಣೆಕಟ್ಟಿನ ಅವಶೇಷವನ್ನು ಜಾನ್ಸ್‌ಟೌನ್ ಪ್ರವಾಹ ರಾಷ್ಟ್ರೀಯ ಸ್ಮಾರಕವೆಂದೂ, ಪರ್ವತದ ಮೇಲಿನ ಪೋರ್ಟೇಜ್ ರೈಲ್ವೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದೂ ಘೋಷಿಸಲಾಯಿತು. ಹೀಗೆ ಕಾಲುವೆ ವ್ಯವಸ್ಥೆಯ ಸಾಧನೆ ಮತ್ತು ಅದರ ಕೈಬಿಟ್ಟ ಭಾಗದ ದುರಂತ ಎರಡೂ ಜೊತೆಯಾಗಿ ರಕ್ಷಣೆಗೆ ಒಳಪಟ್ಟಿವೆ. ಹಳೆಯ ಕ್ಲಬ್ ಭವನವನ್ನು ಮೊದಲಿಗೆ ಸ್ಥಳೀಯ ಸಂರಕ್ಷಣಾ ಸಂಘವೊಂದು ಕಾಪಾಡಿಕೊಂಡು ಬಂದಿದ್ದು, 2006ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಸೇವೆಗೆ ಸೇರಿತು. ಜಾನ್ಸ್‌ಟೌನ್ ನಗರದಲ್ಲಿರುವ ಪ್ರವಾಹ ವಸ್ತುಸಂಗ್ರಹಾಲಯದ ಕಟ್ಟಡವು ದುರಂತದ ನಂತರ ಕಾರ್ನೆಗಿ ಅವರ ಧನಸಹಾಯದಿಂದ ಗ್ರಂಥಾಲಯವಾಗಿ ನಿರ್ಮಿಸಲ್ಪಟ್ಟುದು.

ಸಂದರ್ಶಕರು ಮೊದಲು ಅಂಗರ್ ಅವರ ಹಳೆಯ ಮನೆಯ ಬಳಿಯಿರುವ ಸಂದರ್ಶಕರ ಕೇಂದ್ರಕ್ಕೆ ಹೋಗುವುದು ಸೂಕ್ತ. ಕಣಜದ ಆಕಾರದ ಈ ಕಟ್ಟಡವು ಗುಡ್ಡದ ಮೇಲಿದ್ದು, ಅಲ್ಲಿಂದ ಏರಿಯ ಎರಡೂ ತುಂಡುಗಳು ಹಾಗೂ ಕೆರೆಯಂಗಳ ಒಟ್ಟಾಗಿ ಕಾಣುತ್ತವೆ. ನಂತರ ಕಾಲುದಾರಿಯಲ್ಲಿ ಏರಿಯ ತುದಿಯವರೆಗೆ ನಡೆದುಹೋಗಬಹುದು. ಬಂಡೆಯಲ್ಲಿ ಕೊರೆದ ಕೋಡಿಯು ಇಂದಿಗೂ ಸ್ಪಷ್ಟವಾಗಿ ಉಳಿದಿದೆ. ಹಲವು ವರ್ಷಗಳಿಂದ ಮೇ 31ರ ಸಂಜೆ ಮೃತರ ನೆನಪಿಗಾಗಿ ಇಲ್ಲಿ 2,209 ಮೊಂಬತ್ತಿಗಳನ್ನು ಬೆಳಗಿಸುವ ಪದ್ಧತಿ ನಡೆದುಬಂದಿದೆ. ಮರಳಿ ಬಂದ ಆ ಒಬ್ಬ ವ್ಯಕ್ತಿಯ ಪಾಲಿನ ದೀಪವೂ ಅದರಲ್ಲಿ ಸೇರಿದೆ.